ಎಚ್ಚರದ ವಿಂಡೋ, ನಿದ್ದೆಯ ವಿಂಡೋ

ಕೆಲಸ ಬಿಟ್ಟು ನಾಲ್ಕು ವರ್ಷವಾಯಿತು. ಈಗಲೂ ನನ್ನ ಕನಸುಗಳಲ್ಲಿ ಮನುಷ್ಯರಿಗಿಂತ ಕಂಪ್ಯೂಟರಿನ ವಿಂಡೋಗಳೇ ಜಾಸ್ತಿ. ಒಂದರ ಹಿಂದೆ ಒಂದು, ಅರ್ಧ ಮುಚ್ಚಿ ಅರ್ಧ ಕಾಣುತ್ತ, ಬೂದು ಬೆಳಕಿನಲ್ಲಿ ಸುಮ್ಮನೆ ತೇಲುತ್ತಿರುತ್ತವೆ. ನಾನು ಟೈಪ್ ಮಾಡುತ್ತಲೇ ಇರುತ್ತೇನೆ, ಅಕ್ಷರ ಎಲ್ಲಿ ಬೀಳುತ್ತಿದೆ ಎಂದು ಮಾತ್ರ ಗೊತ್ತಾಗುವುದಿಲ್ಲ. ಎದ್ದು ಅಲ್ಲಾಳಸಂದ್ರ ಕೆರೆಯ ಸುತ್ತ ಒಂದು ಸುತ್ತು ಹಾಕಿ ಬಂದರೆ ಎದೆ ಸ್ವಲ್ಪ ಹಗುರಾಗುತ್ತದೆ.

ನಮ್ಮ ಬೀದಿಯ ಹುಡುಗಿಯೊಬ್ಬಳು ಈಚೆಗೆ ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಕೆರೆ ಏರಿಯ ಮೇಲೆ ಸಿಕ್ಕಾಗ ಕೇಳಿದಳು, "ಆಂಟಿ, ನೀವೂ ಇದೇ ಕೆಲಸ ಮಾಡ್ತಿದ್ರಂತೆ. ಇದ್ರಲ್ಲಿ ಹೆದರ್ಕೊಳ್ಳೋ ಅಂಥದ್ದು ಏನಿದೆ? ಬರೀ ಸೆಟ್ಟಿಂಗ್ಸ್ ತಾನೇ?" ನಾನು ನಕ್ಕೆ. ಮನೆಗೆ ಬಂದು ಲೋಟದ ಕಾಫಿ ಆರಿ ಕೆನೆಗಟ್ಟುವವರೆಗೂ ಅದನ್ನೇ ಯೋಚಿಸಿದೆ. ಅವಳಿಗೆ ನಿಂತ ನಿಲುವಿನಲ್ಲಿ ಹೇಳಲಾಗದ್ದನ್ನು ಕೂತು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲುಗಳ ವಿಷಯ ಇದರಲ್ಲಿಲ್ಲ. ಬಂದದ್ದೂ ಅಷ್ಟಕ್ಕಷ್ಟೇ ಅನ್ನಿ.

ನಾನಿದ್ದದ್ದು ಯಲಹಂಕದ ಆಚೆಗಿನ ಒಂದು ಸಣ್ಣ ಖಾಸಗಿ ಪ್ರಯೋಗಾಲಯದಲ್ಲಿ. ಈಗ ಅದು ಮುಚ್ಚಿದೆ. ಸುತ್ತಲಿನ ಹಳ್ಳಿಗಳಿಂದ ಹಸು, ಎಮ್ಮೆ, ಕುರಿಗಳ ರಕ್ತ ಸಣ್ಣ ಟ್ಯೂಬುಗಳಲ್ಲಿ ಬರುತ್ತಿತ್ತು. ರೋಗ ಇದೆಯೋ ಇಲ್ಲವೋ ನೋಡಿ ವರದಿ ಕಳಿಸುತ್ತಿದ್ದೆವು. ಟೈಪಿಸ್ಟ್ ಆಗಿ ಸೇರಿದ್ದ ನಾನು, ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಅದರ ಉಸ್ತುವಾರಿಯವಳಾದೆ. ಹೇಳಿಕೊಡುವವರು ಯಾರೂ ಇರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಇಡೀ ಕಟ್ಟಡವೇ ತೂಕಡಿಸುತ್ತಿರುವಾಗ, ಹೊರಗೆ ನೀಲಗಿರಿ ಮರಗಳು ಅಲ್ಲಾಡುವುದನ್ನು ನೋಡುತ್ತ ಒಂದೊಂದೇ ಮೆನು ತೆರೆದು ಓದುತ್ತಿದ್ದೆ. ನನ್ನ ವಿದ್ಯೆಯೆಲ್ಲ ಹೀಗೆ ಅರೆನಿದ್ದೆಯಲ್ಲಿ ಹತ್ತಿದ್ದು. ಅದರ ಗುಣವೂ ಹಾಗೇ ಇತ್ತು ಎಂದು ಮುಂದೆ ಗೊತ್ತಾಯಿತು.

ನಮ್ಮ ಮುಖ್ಯಸ್ಥರು ಡಾಕ್ಟರ್ ಪುಟ್ಟಸ್ವಾಮಿ. ಮಾತು ಕಡ್ಡಿ ಮುರಿದ ಹಾಗೆ. ಎರಡೇ ಬೆರಳಲ್ಲಿ, ಕೀಲಿಮಣೆಯನ್ನೇ ನೋಡುತ್ತ ಟೈಪ್ ಮಾಡುತ್ತಿದ್ದರು. ಪ್ಯಾರಾ ಮುಗಿದ ಮೇಲೆಯೇ ತಲೆ ಎತ್ತುವುದು. ಒಮ್ಮೆ ಅವರು ಎರಡು ಪುಟದ ಪತ್ರ ಬರೆಯುತ್ತಿದ್ದಾಗ ಮಧ್ಯದಲ್ಲಿ ಒಂದು ಪುಟ್ಟ ವಿಂಡೋ ಎದ್ದು, ಕಂಪ್ಯೂಟರನ್ನು ಆರಿಸಿ ಮತ್ತೆ ಶುರು ಮಾಡಲೇ ಎಂದು ಕೇಳಿತು. ಇವರು ತಲೆ ತಗ್ಗಿಸಿಕೊಂಡೇ ಎಂಟರ್ ಒತ್ತಿದರು. ಅದು ಒಪ್ಪಿಗೆ ಎಂದು ತಿಳಿದುಕೊಂಡಿತು. ಪತ್ರ ನೀರಿನಲ್ಲಿ ಹೋಮವಾಯಿತು.

"ಏನ್ರೀ ಸುಶೀಲಾ, ನಾನ್ ಮಾತಾಡ್ತಿರೋದು ಒಬ್ಬರ ಹತ್ರ. ಮಧ್ಯ ಇನ್ನೊಬ್ಬ ಬಂದು ನನ್ನ ಕೈಲಿ ಹೂಂ ಅನ್ನಿಸ್ಕೊಂಡು ಹೋಗೋದಾ?" ಎಂದು ಕೂಗಾಡಿದರು.

ಕೋಪದಲ್ಲಿ ಅಂದರೂ ಅವರು ಅಂದದ್ದು ಸರಿಯಾಗಿತ್ತು. ತೆರೆಯ ಮೇಲೆ ಹತ್ತು ವಿಂಡೋ ತೆರೆದಿರಬಹುದು, ಆದರೆ ಕೀಲಿಮಣೆಯ ಮಾತು ಕೇಳಿಸಿಕೊಳ್ಳುವುದು ಒಂದೇ. ಯಾವುದು ಕೇಳಿಸಿಕೊಳ್ಳುತ್ತಿದೆಯೋ ಅದಕ್ಕೆ ಫೋಕಸ್ ಇದೆ ಎನ್ನುತ್ತೇವೆ. ಹೊಸದಾಗಿ ಎದ್ದದ್ದು ಅದನ್ನು ಕಿತ್ತುಕೊಳ್ಳದ ಹಾಗೆ ತಡೆಯಬಹುದು ಎಂದು ಎರಡು ದಿನ ಮೆನುಗಳಲ್ಲಿ ಅಲೆದು ಪತ್ತೆ ಮಾಡಿದೆ. ಅಂದಿನಿಂದ ಹೊಸ ವಿಂಡೋಗಳು ಕೆಳಗಿನ ಪಟ್ಟಿಯಲ್ಲಿ ಮಿನುಗುತ್ತ ತಮ್ಮ ಸರದಿ ಕಾಯತೊಡಗಿದವು. "ಈಗ ನೋಡಿ ಇದಕ್ಕೆ ಮರ್ಯಾದೆ ಬಂತು" ಎಂದರು ಡಾಕ್ಟರು. ಅವರ ಬಾಯಲ್ಲಿ ಒಳ್ಳೆಯ ಮಾತು ಬರುವುದು ಅಪರೂಪ. ಆ ಒಂದು ಮಾತು ನನ್ನ ನೆತ್ತಿಗೇರಿತು.

ಆಮೇಲೆ ನಯಾಜ್‌ನ ಕೈಗವಸಿನ ವಿಷಯ ಬಂತು. ನಯಾಜ್ ನಮ್ಮ ಟೆಕ್ನಿಷಿಯನ್, ಆರ್.ಟಿ. ನಗರದವನು, ವರ್ಷ ವರ್ಷಕ್ಕೆ ನವೀಕರಣವಾಗುವ ಗುತ್ತಿಗೆಯ ಕೆಲಸ. ಹಸುಗಳಿಗೆ ಬರುವ ಕಂದು ರೋಗದ ಪರೀಕ್ಷೆ ಅವನದು. ಆ ರೋಗ ತಗಲಿದ ಹಸು ಗರ್ಭ ನಿಲ್ಲಿಸಿಕೊಳ್ಳಲಾರದೆ ಕಂದು ಹಾಕುತ್ತದೆ. ಹಾಲಿನಿಂದ, ಮುಟ್ಟಿದ ಕೈಯಿಂದ ಮನುಷ್ಯರಿಗೂ ಅಂಟುತ್ತದೆ. ಬಿಳಿ ಪ್ಲೇಟಿನ ಮೇಲೆ ರಕ್ತದ ತಿಳಿಯ ಒಂದು ಹನಿ, ಗುಲಾಬಿ ದ್ರಾವಣದ ಒಂದು ಹನಿ ಹಾಕಿ ಕಲಸಿ ನಾಲ್ಕು ನಿಮಿಷ ಆಡಿಸಬೇಕು. ರವೆಯ ಹಾಗೆ ಕಣ ಕಟ್ಟಿದರೆ ಪಾಸಿಟಿವ್, ನುಣ್ಣಗೆ ಉಳಿದರೆ ನೆಗೆಟಿವ್. ಹೊತ್ತು ಮೀರಿದರೆ ನೋಡಿದ್ದು ಲೆಕ್ಕಕ್ಕಿಲ್ಲ. ಹಾಗಾಗಿ ನೋಡಿದ ಕೂಡಲೇ ಬರೆಯಬೇಕು. ಕೈಯಲ್ಲಿ ಗವಸು, ಗವಸಿನ ಮೇಲೆ ರಕ್ತ.

ಕೀಲಿಮಣೆಗೆ ಪಾಲಿಥೀನ್ ಹೊದಿಸಿದ್ದೆವು, ಪೆನ್ಸಿಲಿನ ಹಿಂಬದಿಯಿಂದ ಒತ್ತುತ್ತಿದ್ದ. ಮೌಸಿಗೆ ಹೊದಿಸಿದರೆ ಅದು ಓಡುತ್ತಲೇ ಇರಲಿಲ್ಲ. ಒಂದು ವಿಂಡೋದಿಂದ ಇನ್ನೊಂದಕ್ಕೆ ಹೋಗಲು ಪ್ರತಿಸಲ ಗವಸು ಬಿಚ್ಚಿ ಕ್ಲಿಕ್ ಮಾಡಿ ಹೊಸದು ಹಾಕಿಕೊಳ್ಳುತ್ತಿದ್ದ. "ಮೇಡಂ, ಹಸುಗಿಂತ ಜಾಸ್ತಿ ನನ್ ಕೈ ಸುಲಿದೋಗಿದೆ ನೋಡಿ" ಎಂದು ತೋರಿಸಿದ. ಪಾಪ, ಬೆರಳ ಸಂದಿಯೆಲ್ಲ ಕೆಂಪಾಗಿತ್ತು.

ನನಗೆ ಹುರುಪು ಬಂತು. ಕ್ಲಿಕ್ ಮಾಡದೆ, ಮೌಸಿನ ಬಾಣ ಯಾವ ವಿಂಡೋದ ಮೇಲೆ ನಿಲ್ಲುತ್ತದೋ ಅದೇ ಕೀಲಿಮಣೆಯ ಮಾತು ಕೇಳುವ ಹಾಗೆ ಬದಲಾಯಿಸಬಹುದು. ಹಾಗೇ ಮಾಡಿದೆ. ಒಂದು ಸರದಿಗೆ ಹತ್ತು ವರದಿಗಳು. ಇಸ್ಪೀಟ್ ಎಲೆ ಹಿಡಿದ ಹಾಗೆ ಅವನ್ನು ಒಂದರ ಕೆಳಗೊಂದು ಜೋಡಿಸಿ, ಪ್ರತಿಯೊಂದರ ಹೆಸರಿರುವ ತಲೆಪಟ್ಟಿ ಮತ್ತು ಫಲಿತಾಂಶದ ಜಾಗ ಮಾತ್ರ ಕಾಣುವಂತೆ ಇಟ್ಟೆ. ಬಾಣ ಬಂದಾಗ ವಿಂಡೋ ಮುಂದಕ್ಕೆ ಜಿಗಿದರೆ ಮಿಕ್ಕವು ಮುಚ್ಚಿಹೋಗುತ್ತವಲ್ಲ, ಅದಕ್ಕೆ ಜಿಗಿಯದ ಹಾಗೆಯೂ ಮಾಡಿದೆ. ನಯಾಜ್ ಮುಂಗೈಯಿಂದ ಮೌಸನ್ನು ಮೆಲ್ಲಗೆ ತಳ್ಳಿ, ಪೆನ್ಸಿಲಿನಿಂದ ಎನ್ ಅಥವಾ ಪಿ ಒತ್ತಿದರೆ ಆಯಿತು. ಇಷ್ಟು ಸುಲಭವಾದ ಮೇಲೆ ಫಲಿತಾಂಶವನ್ನು ಮೊದಲು ಪುಸ್ತಕದಲ್ಲಿ ಬರೆಯುವ ಹಳೆಯ ಪದ್ಧತಿ ಯಾಕೆ ಎಂದು ನಾನೇ ಡಾಕ್ಟರಿಗೆ ಹೇಳಿ ಅದನ್ನೂ ನಿಲ್ಲಿಸಿದೆ. ಎರಡೆರಡು ಕೆಲಸ ಯಾಕೆ ಎಂಬುದು ನನ್ನ ವಾದ.

ಇನ್ನು ಬಣ್ಣ. ಎಚ್ಚರವಿರುವ, ಅಂದರೆ ಫೋಕಸ್ ಇರುವ ವಿಂಡೋದ ತಲೆಪಟ್ಟಿ ಕಡುನೀಲಿ, ಉಳಿದವು ಬೂದು. ಅದು ಆ ಸಿಸ್ಟಮಿನ ಪದ್ಧತಿ. ಆ ನೀಲಿ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಸಂಜೆ ಬಸ್ಸಿಗೆ ಕಾಯುವಾಗ ಅಲ್ಲಾಳಸಂದ್ರ ಕೆರೆ ಕಾಣುತ್ತದೆ. ಹೊತ್ತು ಮುಳುಗಿದ ಮೇಲೆ ನೀರಿಗೂ ಆಕಾಶಕ್ಕೂ ಒಂದೇ ಬಣ್ಣ ಬರುವ ಗಳಿಗೆಯೊಂದಿದೆ, ಬೂದಿಯಲ್ಲಿ ಚೂರು ನೇರಳೆ. ಆ ಬಣ್ಣವನ್ನೇ ಹುಡುಕಿ ಹುಡುಕಿ ಹಾಕಿದೆ. ಎಚ್ಚರದ್ದಕ್ಕೆ ಒಂದು ಎಳೆ ಗಾಢ, ನಿದ್ದೆಯದಕ್ಕೆ ಒಂದು ಎಳೆ ತಿಳಿ. ತೆರೆ ನೋಡಿದರೆ ಮನಸ್ಸು ತಣ್ಣಗಾಗುತ್ತಿತ್ತು. ಎಷ್ಟೋ ಹೊತ್ತು ಅದನ್ನೇ ನೋಡುತ್ತ ಕೂತಿರುತ್ತಿದ್ದೆ.

"ಮೇಡಂ, ಚೆನ್ನಾಗೇನೋ ಇದೆ. ಆದ್ರೆ ಯಾವ್ದು ಎದ್ದಿದೆ, ಯಾವ್ದು ಮಲಗಿದೆ ಗೊತ್ತಾಗಲ್ಲ" ಎಂದ ನಯಾಜ್.

"ಅಭ್ಯಾಸ ಆಗತ್ತೆ ಬಿಡ್ರೀ" ಎಂದೆ. ಆ ಮಾತನ್ನು ನಾನು ಆಡಬಾರದಿತ್ತು.

ಆರೇಳು ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ಒಂದು ಮಂಗಳವಾರ ಬೆಳಿಗ್ಗೆ ಸೋಲದೇವನಹಳ್ಳಿಯಿಂದ ಮುನಿಯಮ್ಮ ಎಂಬುವರು ಬಂದರು. ಅರವತ್ತು ದಾಟಿದ ಹೆಂಗಸು, ಕೈಯಲ್ಲಿ ನಮ್ಮದೇ ವರದಿ, ನಾಲ್ಕು ಮಡಿಕೆ ಮಾಡಿ ಬೆವರಿಗೆ ಒದ್ದೆಯಾಗಿತ್ತು. ಅವರ ಹಸುವಿಗೆ ಕಂದು ರೋಗ ಎಂದು ಅದರಲ್ಲಿತ್ತು.

"ನಮ್ ಅಸ ಒಂದ್ ಕಿತಾನೂ ಕಂದಾಕಿಲ್ಲ ಕಣವ್ವಾ" ಎಂದರು ನನಗೆ. "ನಾಕ್ ಕರ ಆಕೈತೆ, ನಾಕೂ ಬದುಕವೆ. ಇವಾಗ ಐದ್ ತಿಂಗ್ಳ ಗಬ್ಬ. ಈ ಕಾಗ್ದ ಯಾಕಿಂಗಂತದೆ? ಡೈರೀಲಿ ಆಲು ತಕಣಲ್ಲ ಅಂದವ್ರೆ. ನನ್ ಮಗ ದಲ್ಲಾಳೀಗ್ ಏಳವ್ನೆ. ಸುಕ್ರಾರ ಬಂದು ಒಡ್ಕೊಂಡೋಯ್ತಾನೆ."

ಡಾಕ್ಟರು ಹೊರಗೆ ಬಂದರು. "ನೋಡಮ್ಮ, ಅತ್ರಿ ಅಂತ ರಿಪೋರ್ಟ್ ಬದಲಾಯ್ಸಕ್ಕಾಗಲ್ಲ. ನಾಳೆಯಿಂದ ಎಲ್ಲರೂ ಬಂದು ಅಳ್ತಾರೆ. ಇದು ಮನುಷ್ಯರಿಗೂ ಬರೋ ಕಾಯಿಲೆ." ಒರಟಾಗಿ ಕೇಳಿಸಿದರೂ ಅದು ತಪ್ಪು ಮಾತಲ್ಲ. ಮುನಿಯಮ್ಮ ಗೇಟಿನ ಹತ್ತಿರದ ಕಲ್ಲಿನ ಮೇಲೆ ಬಹಳ ಹೊತ್ತು ಕೂತಿದ್ದು ಎದ್ದು ಹೋದರು.

ಅವರು ಹೋದ ಮೇಲೆ ಡಾಕ್ಟರು ನಮ್ಮಿಬ್ಬರನ್ನು ಒಳಗೆ ಕರೆದರು. "ಉಳಿದ ಸ್ಯಾಂಪಲ್ ಇನ್ನೂ ಫ್ರೀಜರಿನಲ್ಲಿದೆ. ತಪ್ಪು ನಮ್ಮ ಕಡೆ ಆಗಿದೆ ಅಂತ ಯಾರಾದ್ರೂ ಬರೆದು ಸಹಿ ಹಾಕಿ ಕೊಟ್ರೆ ತೆಗೆದು ಮತ್ತೆ ನೋಡ್ತೀನಿ. ಇಲ್ಲಾಂದ್ರೆ ಮುಟ್ಟಲ್ಲ. ಪುಸ್ತಕ ಇದ್ದಿದ್ರೆ ತೆಗೆದು ನೋಡಬಹುದಿತ್ತು, ಅದನ್ನೂ ನಿಲ್ಲಿಸಿ ಕೂತಿದೀರಿ." ಹೇಳುವಾಗ ಅವರ ಕಣ್ಣು ನಯಾಜ್‌ನ ಮೇಲಿತ್ತು. ಅವನ ಗುತ್ತಿಗೆ ಮುಂದಿನ ತಿಂಗಳು ಮುಗಿಯುವುದರಲ್ಲಿತ್ತು.

ಪ್ರಯೋಗಾಲಯಕ್ಕೆ ವಾಪಸ್ ಬಂದು ಕೇಳಿದೆ, "ಆ ಟೆಸ್ಟ್ ಮಾಡಿದ ದಿನದ್ದು ಏನಾದ್ರೂ ನೆನಪಿದ್ಯಾ ನಯಾಜ್?"

"ಚೆನ್ನಾಗಿ ನೆನಪಿದೆ ಮೇಡಂ. ಆ ಹತ್ರಲ್ಲಿ ಪಾಸಿಟಿವ್ ಇದ್ದಿದ್ದು ಒಂದೇ, ಆರನೇದು. ಪಿ ಒತ್ತಿದೆ, ಬೀಳಲಿಲ್ಲ. ಪೆನ್ಸಿಲ್ ಜಾರ್ತೇನೋ ಅಂತ ಮೌಸ್ ಸರಿಮಾಡಿ ಇನ್ನೊಂದ್ಸಲ ಒತ್ತಿದೆ, ಬಿತ್ತು. ಆಮೇಲೆ ಏಳನೇದು ನೋಡೋಕ್ ಹೋದೆ."

ಮುನಿಯಮ್ಮನ ಹಸುವಿನದು ಐದನೆಯದು. ಬೀಳದ ಆ ಮೊದಲ ಪಿ ಎಲ್ಲಿ ಹೋಯಿತು?

ನಯಾಜ್ ಟೀ ಕುಡಿಯಲು ಹೋದಾಗ ನಾನೊಬ್ಬಳೇ ಕೂತು, ಹತ್ತು ಖಾಲಿ ವರದಿ ತೆರೆದು ಐದರವರೆಗೆ ಎನ್ ಒತ್ತಿ ನೋಡಿದೆ. ಅವನ ಹಾಗೆಯೇ ಮುಂಗೈಯಿಂದ ಮೌಸನ್ನು ತಳ್ಳಿ ಆರನೆಯದರ ಮೇಲೆ ಬಾಣ ನಿಲ್ಲಿಸಿ ಕೈ ತೆಗೆದೆ. ಮೌಸಿನ ವೈರು ಮೇಜಿನ ಹಿಂಬದಿ ಜೋತುಬಿದ್ದಿತ್ತು. ಅದರ ಭಾರಕ್ಕೆ ಮೌಸ್ ಒಂದು ಉಗುರಿನಷ್ಟು ಆಚೆಗೆ ಸರಿಯಿತು. ಬಾಣ ಆರನೆಯದರಿಂದ ಮೇಲಿನ ಐದನೆಯದಕ್ಕೆ ಹೋಯಿತು. ಯಾವ ವಿಂಡೋವೂ ಮುಂದಕ್ಕೆ ಬರಲಿಲ್ಲ, ಬರಬಾರದೆಂದು ನಾನೇ ಹೇಳಿದ್ದೆನಲ್ಲ. ತಲೆಪಟ್ಟಿಯ ಬಣ್ಣ ಬದಲಾಗಿರಬೇಕು, ಕಣ್ಣು ಕಿರಿದು ಮಾಡಿ ನೋಡಿದರೂ ನನಗೇ ಕಾಣಲಿಲ್ಲ. ಪಿ ಒತ್ತಿದೆ. ಐದನೆಯದರಲ್ಲಿದ್ದ ನೆಗೆಟಿವ್ ಸದ್ದಿಲ್ಲದೆ ಪಾಸಿಟಿವ್ ಆಯಿತು.

ನಾನು ಆಗ ಎದ್ದು ಡಾಕ್ಟರ ಕೋಣೆಗೆ ಹೋಗಬೇಕಿತ್ತು. ಹೋಗಲಿಲ್ಲ. ಈ ಬರಹವೆಲ್ಲ ಆ ಎರಡು ದಿನಗಳ ಸಲುವಾಗಿ.

ಬುಧವಾರ ಎಲ್ಲರಿಗಿಂತ ಮೊದಲು ಬಂದೆ. ಬಣ್ಣವನ್ನು ಹಳೆಯ ಕಡುನೀಲಿಗೆ ತಿರುಗಿಸಿದೆ. ಬಾಣ ಸರಿದರೂ ಅರೆಕ್ಷಣ ಕಾದು ಆಮೇಲೆ ಫೋಕಸ್ ಬದಲಾಗುವಂತೆ ಮಾಡಿದೆ. ವೈರನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಮೇಜಿಗೆ ಕಚ್ಚಿಸಿದೆ. ಎಲ್ಲ ಮುಗಿದಾಗ ನನ್ನ ಕರ್ತವ್ಯ ಮುಗಿಯಿತು ಎನ್ನುವ ಹಾಗೊಂದು ನೆಮ್ಮದಿ ಬಂತು. ನಮ್ಮಂಥ ಕೆಲಸ ಮಾಡುವವರಿಗೆ ಮಾತ್ರ ಬರುವ ರೋಗ ಇದು. ದೋಷ ಸರಿಪಡಿಸಿದರೆ ತಪ್ಪು ಒಪ್ಪಿಕೊಂಡ ಹಾಗೆಯೇ ಎಂದುಕೊಳ್ಳುವುದು. ಆ ದಿನವೆಲ್ಲ ಮಂಪರಿನಲ್ಲಿ ಓಡಾಡಿದೆ. ಯಾರು ಏನು ಕೇಳಿದರೂ ದೂರದಿಂದ ಕೇಳಿಸುತ್ತಿತ್ತು. ಹಸುವಿನ ನೆನಪು ಬಂದಾಗಲೆಲ್ಲ, ನಾಳೆ ಯಾರಾದರೂ ಏನಾದರೂ ಮಾಡುತ್ತಾರೆ ಎಂದು ಮಗ್ಗುಲು ಬದಲಿಸಿದೆ. ಹೆದರಿದ್ದೆ, ಅಷ್ಟೇ. ಡಾಕ್ಟರ ಬಾಯಲ್ಲಿ ಬಂದಿದ್ದ ಆ ಒಂದು ಒಳ್ಳೆಯ ಮಾತು ವಾಪಸ್ ಹೋಗುವುದೆಂಬ ಹೆದರಿಕೆ.

ಗುರುವಾರ ಬೆಳಿಗ್ಗೆ ನಯಾಜ್ ನನ್ನ ಮೇಜಿನ ಹತ್ತಿರ ಬಂದ. ಕೈಯಲ್ಲಿ ಒಂದು ಹಾಳೆ.

"ಮೇಡಂ, ಮನೇಲಿ ನಾವು ಉರ್ದು ಮಾತಾಡೋದು, ನನ್ ಕನ್ನಡ ಬರವಣಿಗೆ ಅಷ್ಟಕ್ಕಷ್ಟೇ. ಒಂದ್ಸಲ ನೋಡಿ ತಿದ್ದಿಕೊಡ್ತೀರಾ?"

ಓದಿದೆ. ನನ್ನ ಅಜಾಗರೂಕತೆಯಿಂದ ಐದನೇ ಸ್ಯಾಂಪಲಿನ ಫಲಿತಾಂಶ ತಪ್ಪಾಗಿ ನಮೂದಾಗಿರುತ್ತದೆ ಎಂದು ಬರೆದು, ಕೆಳಗೆ ಸಹಿ ಹಾಕಿದ್ದ. ಅಕ್ಷರಗಳು ಮಗ್ಗಿ ಪುಸ್ತಕದಲ್ಲಿರುವ ಹಾಗೆ ಗುಂಡಗಿದ್ದವು.

"ಯಾಕ್ರೀ ಇದು? ನೀವ್ ತಪ್ಪು ಮಾಡಿಲ್ಲ."

"ಮಾಡಿಲ್ಲ ಅಂತ ನಂಗೂ ಗೊತ್ತು ಮೇಡಂ, ಅಲ್ಲಾನಾಣೆಗೂ. ಆದ್ರೆ ನಾಳೆ ಶುಕ್ರವಾರ. ಯಾರಾದ್ರೂ ಒಬ್ರು ಬರೀಬೇಕಲ್ಲ?"

ಅವಮಾನ ಎಂದರೆ ಏನೆಂದು ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ ಗೊತ್ತಾಯಿತು. ಅವನ ಹಾಳೆಯನ್ನು ಮಡಚಿ ನನ್ನ ಪರ್ಸಿನಲ್ಲಿಟ್ಟುಕೊಂಡೆ. ಇನ್ನೊಂದು ಹಾಳೆ ತೆಗೆದು, ಬಣ್ಣ, ವೈರು, ಪುಸ್ತಕ, ಬುಧವಾರ ಗುಟ್ಟಾಗಿ ಮಾಡಿದ ರಿಪೇರಿ, ಎಲ್ಲವನ್ನೂ ಕೈಯಲ್ಲೇ ಬರೆದೆ.

ಡಾಕ್ಟರು ಎರಡು ಸಲ ಓದಿದರು. "ಬಣ್ಣಾನಾ?" ಎಂದರು.

"ಹೌದು ಸರ್. ಕೆರೆ ನೀರಿನ ಬಣ್ಣ. ನನಗೆ ಇಷ್ಟ ಅಂತ ಹಾಕಿದ್ದೆ."

ಬೈದಿದ್ದರೆ ಒಳ್ಳೆಯದಿತ್ತು. ಡ್ರಾಯರಿನಿಂದ ಫ್ರೀಜರಿನ ಬೀಗದ ಕೈ ತೆಗೆದು, "ನಯಾಜ್, ಪ್ಲೇಟ್ ತೊಳೀರಿ" ಎಂದು ಕೂಗಿದರು.

ಆ ನಾಲ್ಕು ನಿಮಿಷ ಮೂವರೂ ಪ್ಲೇಟಿನ ಮೇಲೆ ಬಗ್ಗಿ ನಿಂತಿದ್ದೆವು. ನಯಾಜ್ ಪ್ಲೇಟನ್ನು ತೊಟ್ಟಿಲಿನ ಹಾಗೆ ಆಡಿಸುತ್ತಿದ್ದ. ಗುಲಾಬಿ ಹನಿ ಅಲುಗುತ್ತಿತ್ತು, ಬೆಳಗಿನ ಬಿಸಿಲು ಅದರೊಳಗೆ ಇಳಿದು ಗೋಡೆಯ ಮೇಲೊಂದು ಚುಕ್ಕೆ ಆಡುತ್ತಿತ್ತು. ಕಣ ಕಟ್ಟಲಿಲ್ಲ. ಕೊನೆಯವರೆಗೂ ನುಣ್ಣಗೇ ಇತ್ತು. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿ, "ಪುಸ್ತಕ ಇವತ್ತಿಂದಲೇ ವಾಪಸ್ ಬರಲಿ" ಎಂದಷ್ಟೇ ಹೇಳಿದರು.

ಹೊಸ ವರದಿಯ ಜೊತೆಗೆ ಅವರೇ ಒಂದು ಪತ್ರ ಬರೆಸಿದರು. ತಾಂತ್ರಿಕ ಕಾರಣದಿಂದ ಹಿಂದಿನ ವರದಿಯಲ್ಲಿ ತಪ್ಪು ನಮೂದಾಗಿದ್ದಕ್ಕೆ ವಿಷಾದಿಸುತ್ತೇವೆ ಎಂದು. ನನ್ನ ಹೆಸರು ಎಲ್ಲೂ ಇಲ್ಲ. ನಿಜ ಹೇಳಬೇಕೆಂದರೆ ತಾಂತ್ರಿಕ ಕಾರಣ ಎಂಬ ಆ ಎರಡು ಪದ ನೋಡಿ ನನಗೆ ಹಾಯೆನಿಸಿತು. ಆಫೀಸಿನೊಳಗೆ ಒಪ್ಪಿಕೊಂಡೆನಲ್ಲ, ಅಷ್ಟು ಸಾಕು ಎಂದುಕೊಂಡೆ. ಪತ್ರ ನಾನೇ ಕೊಟ್ಟು ಬರುತ್ತೇನೆಂದು ಆಗಲೇ ಆಫೀಸಿನ ಸ್ಕೂಟರ್ ತೆಗೆದೆ.

ಸೋಲದೇವನಹಳ್ಳಿಯಲ್ಲಿ ಕಾಲೇಜು ಹುಡುಗರ ಪೀಜಿ ಕಟ್ಟಡಗಳ ನಡುವೆ ಮುನಿಯಮ್ಮನ ಮನೆ ಹುಡುಕುವುದೇ ಕಷ್ಟವಾಯಿತು. ಎರಡು ಎತ್ತರದ ಗೋಡೆಗಳ ಸಂದಿಯಲ್ಲಿ ಒಂದು ಶೀಟಿನ ಕೊಟ್ಟಿಗೆ. ಮಧ್ಯಾಹ್ನದ ಬಿಸಿಲು ಶೀಟಿನ ತೂತುಗಳಿಂದ ಇಳಿದು ಹಸುವಿನ ಬೆನ್ನ ಮೇಲೆ ಕಾಸಗಲ ಬಿದ್ದಿತ್ತು. ಕಂದು ಬಣ್ಣದ ದೊಡ್ಡ ಹಸು, ಹಣೆಯಲ್ಲಿ ಬಿಳಿ. ಮುನಿಯಮ್ಮ ಅದಕ್ಕೆ ಹುಲ್ಲು ಹಾಕುತ್ತಿದ್ದರು. ಎರಡೂ ಕೈಗೆ ಪ್ಲಾಸ್ಟಿಕ್ ಕವರ್ ಹಾಕಿ ಮಣಿಕಟ್ಟಿನಲ್ಲಿ ದಾರದಿಂದ ಬಿಗಿದಿದ್ದರು. ಬರಿಗೈಲಿ ಮುಟ್ಟಬೇಡಿ ಎಂದು ಊರಿನ ಪಶುವೈದ್ಯರು ಹೇಳಿದ್ದರಂತೆ.

"ಇದ್ರಲ್ಲಿ ಕರೆದ್ರೆ ಆಲು ಇಳಿಸಾಕಿಲ್ಲ ಕಣವ್ವಾ. ಇಳಿಸಿದ್ನೂ ಗುಂಡೀಗ್ ಉಯ್ತೀನಿ" ಎಂದರು. ಆಮೇಲೆ ನನ್ನ ಕೈಯ ಕಾಗದ ನೋಡಿ ಹುಲ್ಲನ್ನು ಕೆಳಗಿಟ್ಟರು.

"ಒಳ್ಳೇ ಸುದ್ದಿ ಅಮ್ಮ. ಹಸುಗೆ ಏನೂ ಆಗಿಲ್ಲ."

"ಓದವ್ವಾ. ಅದ್ರಾಗೆ ಎಂಗದೆಯೋ ಅಂಗೇ ಓದು."

ಓದಿದೆ. ವರದಿ ಮುಗಿಸಿ ಪತ್ರ ತೆಗೆದೆ. ತಾಂತ್ರಿಕ ಕಾರಣದಿಂದ ಎಂದು ಓದುತ್ತಿದ್ದಂತೆ ಕೈ ಅಡ್ಡ ತಂದು ನಿಲ್ಲಿಸಿದರು.

"ತಾಂತ್ರಿಕ ಕಾರಣ ಅಂದ್ರೆ ಯಾರವ್ವಾ ಅದು?"

ತಮಾಷೆಗೆ ಕೇಳಿದ್ದಲ್ಲ. ತಪ್ಪು ಮಾಡಿದವರು ಯಾರೋ ಒಬ್ಬರು ಇರಲೇಬೇಕು, ಅವರ ಹೆಸರು ಇದು ಎಂದುಕೊಂಡಿದ್ದರು. ಕರೆಂಟು, ಮಷೀನು ಎಂದು ಏನನ್ನಾದರೂ ಹೇಳಬಹುದಿತ್ತು, ನಂಬುತ್ತಿದ್ದರು.

"ನಾನೇ ಅಮ್ಮ" ಎಂದೆ. "ಆ ಕಾಗದ ತಪ್ಪಾಗಿದ್ದು ನನ್ನಿಂದ. ಮಂಗಳವಾರ ನೀವು ಬಂದು ಹೋದ್ರಲ್ಲ, ಆವತ್ತೇ ನಂಗೆ ಗೊತ್ತಾಯ್ತು. ಎರಡು ದಿನ ಬಾಯಿ ಬಿಡಲಿಲ್ಲ. ಹೆದರಿಕೆ ಆಯ್ತು."

ಮುನಿಯಮ್ಮ ನನ್ನ ಮುಖವನ್ನೇ ನೋಡಿದರು. ಬಲಗೈಯ ದಾರವನ್ನು ಹಲ್ಲಿನಿಂದ ಕಚ್ಚಿ ಎಳೆದರು, ಬರಲಿಲ್ಲ. ಆಗ ಎರಡೂ ಕೈ ನನ್ನ ಮುಂದೆ ಚಾಚಿದರು.

"ಬಿಚ್ಚು" ಎಂದರು.

ಗಂಟು ನೀರು ಕುಡಿದು ಬಿಗಿದುಕೊಂಡಿತ್ತು. ಉಗುರಿನಿಂದ ಬಿಡಿಸಲು ಬಹಳ ಹೊತ್ತು ಹಿಡಿಯಿತು. ಕವರ್ ಎಳೆದಾಗ ಒಳಗಿನ ಬೆರಳುಗಳು ಬೆವರಿಗೆ ಬೆಳ್ಳಗೆ ಸುಕ್ಕುಗಟ್ಟಿದ್ದವು. ಮುನಿಯಮ್ಮ ತಿರುಗಿ ಆ ಕೈಗಳನ್ನು ಹಸುವಿನ ಹೊಟ್ಟೆಯ ಮೇಲಿಟ್ಟು, ಕರು ಇರುವ ಕಡೆ ಹುಡುಕಿಕೊಂಡು ಹೋದರು.

"ಒಂಬತ್ ದಿನ ಆಯ್ತು ಮುಟ್ಟಿ" ಎಂದರು. ನನಗೆ ಹೇಳಿದ್ದಲ್ಲ, ಹಸುವಿಗೆ.